ಫೋನ್ ನೋಡುವ ಗಂಟೆ ಅಷ್ಟೇನೂ ಇಳಿಯಲಿಲ್ಲ, ಕಿರಿಕಿರಿ ಇಳಿಯಿತು

ಫೋನ್ ಎತ್ತಿದಾಗಲೆಲ್ಲ ಪುಸ್ತಕದಲ್ಲಿ ಬರೆದಿಡ್ತೀನಿ ಅಂದಾಗ ತಂಗಿ ಬಿದ್ದು ಬಿದ್ದು ನಕ್ಕಿದ್ದಳು. "ಅಣ್ಣಾ, ನೀನು ಫೋನ್ ಬಿಡಲ್ಲ, ಪುಸ್ತಕಾನೇ ಬಿಡ್ತೀಯ, ನೋಡ್ತಿರು." ಎಂಟು ತಿಂಗಳಾಯಿತು. ಪುಸ್ತಕ ಮುಗಿದು ಎರಡನೆಯದು ನಡೆಯುತ್ತಿದೆ.

ಫೋನ್ ಕಡಿಮೆ ಮಾಡಲು ಟೈಮರ್ ಹಾಕುವುದು, ಸ್ಕ್ರೀನ್ ಟೈಮ್ ನೋಡುವುದು ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ನಾನು ದುಡ್ಡು ಕಳೆದುಕೊಂಡ ಕಥೆಯಿಂದ ಶುರು ಮಾಡ್ತೀನಿ. ಮೊದಲು ಆ್ಯಪ್‌ಗಳನ್ನು ಅಳಿಸಿದೆ. ನಾಲ್ಕನೇ ದಿನಕ್ಕೆ ಬ್ರೌಸರ್‌ನಲ್ಲಿ ಅದನ್ನೇ ತೆರೆದು ಕೂತಿದ್ದೆ. ಆಮೇಲೆ ಬಟನ್ ಫೋನ್ ಕೊಂಡೆ. ಬ್ಯಾಂಕ್ ಆ್ಯಪ್ ಇಲ್ಲ, ಮ್ಯಾಪ್ ಇಲ್ಲ, ಹಾಗಾಗಿ ಎರಡೂ ಫೋನ್ ಹೊತ್ತುಕೊಂಡು ತಿರುಗಿದೆ, ಒಂಬತ್ತೋ ಹತ್ತೋ ದಿನಕ್ಕೆ ಅದು ಡ್ರಾಯರ್ ಸೇರಿತು. ಒಂದು ಲಾಕ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಆಟೋ ಡೆಬಿಟ್ ನಿಲ್ಲಿಸಲು ಮರೆತು ಎರಡನೇ ವರ್ಷದ್ದೂ ಹೋಯಿತು.

ಫೋನ್ ಒಳಗಿಟ್ಟರೆ ಹೊತ್ತು ಮುಗಿಯುವ ತನಕ ತೆರೆಯದ, ಟೈಮರ್ ಇರುವ ಡಬ್ಬಿ ತಂದದ್ದು ಇನ್ನೂ ದೊಡ್ಡ ತಮಾಷೆ. ಮೊದಲ ಸಂಜೆಯೇ ಒಳಗಿಂದ ರಿಂಗ್ ಬಂತು. ಅಮ್ಮನಿಗೆ ಇಟ್ಟಿದ್ದ ರಿಂಗ್‌ಟೋನ್. ಮುಚ್ಚಳದ ಮೇಲೆ 38 ನಿಮಿಷ ಬಾಕಿ ಅಂತ ತೋರಿಸುತ್ತಿದೆ. ಎರಡನೇ ಸಲ ರಿಂಗ್ ಆದಾಗ ಸ್ಕ್ರೂ ಡ್ರೈವರ್ ಹಾಕಿ ಮೀಟಿದೆ. ಡಬ್ಬಿ ಹೋಯಿತು. ಅಮ್ಮ ಸುಮ್ನೆ ಮಾತಾಡೋಣ ಅಂತ ಮಾಡಿದ್ದರಂತೆ. ಎಲ್ಲ ಸೇರಿಸಿದರೆ ಕೈಯಲ್ಲಿರುವ ಫೋನಿನ ಅರ್ಧ ಬೆಲೆಯಷ್ಟು ನೀರುಪಾಲು.

ಕೊನೆಗೆ ಕೆಲಸ ಮಾಡಿದ್ದು ಅಂಗೈಯಗಲದ ಪುಸ್ತಕ ಮತ್ತು ರಬ್ಬರ್ ಬ್ಯಾಂಡ್. ಪುಸ್ತಕವನ್ನು ಫೋನಿನ ಮುಖದ ಮೇಲೇ ಇಟ್ಟು ಬ್ಯಾಂಡ್ ಹಾಕಿದೆ. ತೆಗೆಯದೆ ಪರದೆ ಕಾಣುವುದಿಲ್ಲ. ಎತ್ತುವ ಮೊದಲು ಮನಸ್ಸು ಹೇಗಿದೆ ಅಂತ 1ರಿಂದ 5ರೊಳಗೆ ಒಂದು ಅಂಕಿ (ಜಾಸ್ತಿ ಇದ್ದಷ್ಟು ಮನಸ್ಸು ಚೆನ್ನಾಗಿದೆ ಅಂತ), ಇಟ್ಟ ಮೇಲೆ ಇನ್ನೊಂದು, ಪಕ್ಕದಲ್ಲಿ ಯಾಕೆ ಎತ್ತಿದೆ ಅನ್ನುವುದಕ್ಕೆ ಒಂದೇ ಪದ. "3, 3, ಮ್ಯಾಪ್." "2, 4, ಗೆಳೆಯ." "2, 1, ಸುಮ್ನೆ." ಮೂರರಲ್ಲಿ ಒಂದು ಸಲ ಬರೆಯಲು ಮರೆಯುತ್ತಿದ್ದೆ, ಆದರೂ ಮೂರು ವಾರಕ್ಕೆ ಸುಮಾರು 600 ಸಾಲು ಆಯಿತು.

ಕೂತು ಎಣಿಸಿದಾಗ ತಲೆ ಕೆಟ್ಟಿತು. ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ಫೋನ್ ನೋಡಿದ ಗಂಟೆಯಲ್ಲಿ ವ್ಯತ್ಯಾಸವೇ ಇಲ್ಲ, ಎರಡೂ ನಾಲ್ಕೂಕಾಲು ಗಂಟೆಯ ಆಸುಪಾಸು. 2019ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಹದಿಹರೆಯದವರ ದೊಡ್ಡ ಸಮೀಕ್ಷೆಗಳನ್ನು ಜಾಲಾಡಿ, ಅವರ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇಕಡಾ 0.4 ಅಂದಿತ್ತು. ಅದನ್ನು ಓದಿದಾಗ ನಾನು ನಂಬಿರಲಿಲ್ಲ. ಈಗ ನನ್ನ ಪುಸ್ತಕವೂ ಅದೇ ದಾರಿ ಹಿಡಿದಿದೆ.

ವ್ಯತ್ಯಾಸ ಇದ್ದದ್ದು ಪದದಲ್ಲಿ. ಕೆಲಸ ಇಟ್ಟುಕೊಂಡು ಎತ್ತಿದಾಗ ಅಂಕಿ ಹಾಗೇ ಇರುತ್ತದೆ, ಯಾರೊಂದಿಗಾದರೂ ಮಾತಾಡಿದರೆ ಏರುತ್ತದೆ. "ಸುಮ್ನೆ" ಸಾಲುಗಳಲ್ಲಿ ಎತ್ತುವ ಮೊದಲೇ 2 ಇದೆ! ಅಂದರೆ ಫೋನ್ ನೋಡಿ ಬೇಜಾರಾಗಿದ್ದಲ್ಲ, ಬೇಜಾರಾಗಿಯೇ ಫೋನ್ ಎತ್ತಿದ್ದು. ಎತ್ತಿದ ಮೇಲೆ 2 ಅಲ್ಲೇ ಇರುತ್ತದೆ, ರಾತ್ರಿ ಹನ್ನೊಂದರ ಮೇಲಾದರೆ 1 ಆಗುತ್ತದೆ. ಇಷ್ಟು ದಿನ ನಾನು ಗಂಟೆಯ ಜೊತೆ ಗುದ್ದಾಡುತ್ತಿದ್ದೆ.

ಆಮೇಲೆ ಮಾಡಿದ್ದು ಕಡಿಮೆ. ಚಾರ್ಜರ್ ಹಾಸಿಗೆಯ ಪಕ್ಕದಿಂದ ಹೊರಗಿನ ಕೋಣೆಗೆ ಹೋಯಿತು. 2 ಬರೆದರೆ ಫೀಡ್ ತೆರೆಯುವಂತಿಲ್ಲ, ಯಾರಿಗಾದರೂ ಕರೆ ಮಾಡಬೇಕು, ಇಲ್ಲವೇ ಫೋನ್ ಕೆಳಗಿಡಬೇಕು. "ಸುಮ್ನೆ" ಅಂತ ಬರೆಯುವಾಗ ಮಾಡುವ ಇನ್ನೊಂದು ಸಣ್ಣ ಕೆಲಸ ಇದೆ, ಅದನ್ನು ಹೇಳಲ್ಲ. ಹೇಳಿದರೆ ನಗ್ತೀರಿ, ಅಲ್ಲದೆ ನಿಮ್ಮದನ್ನು ನೀವೇ ಹುಡುಕಿಕೊಂಡರೆ ಜಾಸ್ತಿ ದಿನ ಬಾಳುತ್ತದೆ.

ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿಯೂ ನೋಡಿದೆ. ಕೆಟ್ಟ ಐಡಿಯಾ. ಏನೋ ತಪ್ಪಿಹೋಯಿತು ಅನ್ನುವ ದಿಗಿಲಿನಲ್ಲಿ ಇನ್ನೂ ಜಾಸ್ತಿ ಸಲ ಎತ್ತುತ್ತಿದ್ದೆ. ದಿನಕ್ಕೆ ಮೂರು ಸಲ ಗಂಟು ಕಟ್ಟಿ ಬರುವಂತೆ ಮಾಡಿದಾಗ ಸರಿಹೋಯಿತು. ಇದನ್ನು ಪರೀಕ್ಷೆ ಮಾಡಿದ ಪ್ರಯೋಗವೂ ಇದೆ, ಅಲ್ಲೂ ಮೂರು ಕಂತಿನವರ ಮನಸ್ಸು ಹಗುರಾಗಿತ್ತು, ಪೂರ್ತಿ ಬಂದ್ ಆದವರಿಗೆ ಆತಂಕ ಏರಿತ್ತು. ನಾನು ಓದಿದ್ದು ಮಾಡಿ ಮುಗಿಸಿದ ಮೇಲೆ, ಹಾಗಾಗಿ ಸ್ವಲ್ಪ ಬೀಗಿದೆ.

ಪರದೆಯನ್ನು ಕಪ್ಪು ಬಿಳುಪು ಮಾಡಿದ ವಾರವೂ ಒಂದಿತ್ತು. ಅಂಕಿ ಕದಲಲಿಲ್ಲ. ತಂಗಿ ಎರಡು ಬಟ್ಟೆಯ ಫೋಟೊ ಕಳಿಸಿ ಯಾವ ಬಣ್ಣ ಚೆನ್ನಾಗಿದೆ ಅಂದಳು, ನನಗೆ ಎರಡೂ ಬೂದಿ. "ಎರಡೂ ಒಂದೇ ಅಲ್ವಾ" ಅಂದದ್ದಕ್ಕೆ ಎರಡು ದಿನ ಮಾತು ಬಿಟ್ಟಳು.

ಈಗ ಲೆಕ್ಕ ಹೀಗಿದೆ. ಗಂಟೆ ಮೂರೂಮುಕ್ಕಾಲಿಗೆ ಬಂದಿದೆ ಅಷ್ಟೇ. ದಿನಕ್ಕೆ ಹದಿನೈದರಷ್ಟಿದ್ದ "ಸುಮ್ನೆ" ನಾಲ್ಕೈದಕ್ಕೆ ಇಳಿದಿದೆ, ಮಲಗುವಾಗಿನ ಅಂಕಿ ಬಹುತೇಕ 3, ಕೆಲವೊಮ್ಮೆ 4. ಮೊನ್ನೆ ತಂಗಿ ಬಂದವಳು ಪುಸ್ತಕ ತಿರುವಿ ನೋಡಿ, ಏನೂ ಹೇಳದೆ ಒಂದು ರಬ್ಬರ್ ಬ್ಯಾಂಡ್ ಎತ್ತಿಕೊಂಡು ಹೋದಳು. ಭಾನುವಾರ ಮಧ್ಯಾಹ್ನ ಮಾತ್ರ ಇನ್ನೂ "2, 1, ಸುಮ್ನೆ". ಅದಕ್ಕೆ ಮೂರು ಉಪಾಯ ಮಾಡಿ ಸೋತಿದ್ದೇನೆ, ನಾಲ್ಕನೆಯದು ನಡೆಯುತ್ತಿದೆ.