ದಿಂಬಿನ ಕೆಳಗಿನ ಬ್ರೆಡ್ ಎತ್ತಿ ಎಸೆಯಬೇಡಿ

ಹಿಟ್ಲರ್ ಕಾಲ ಕಂಡ ಯಹೂದಿ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಸಾಕಷ್ಟು ಜನ ಇಸ್ರೇಲ್‌ನಲ್ಲಿ ಕೇರ್‌ಗಿವರ್ ಆಗಿದ್ದಾರೆ. ವಯಸ್ಸಾದವರ ಮನೆಯಲ್ಲೇ ಉಳಿದು ಅವರ ಊಟ, ಸ್ನಾನ, ಮಾತ್ರೆ, ಓಡಾಟ ನೋಡಿಕೊಳ್ಳುವ ಕೆಲಸ ಅದು. ಬಿಪಿ ನೋಡುವುದು, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು, ಒಂದಿಷ್ಟು ಹೀಬ್ರೂ ಇವೆಲ್ಲ ತರಬೇತಿಯಲ್ಲಿ ಸಿಗುತ್ತವೆ. ಆದರೆ ನಿಮ್ಮ ಪಾಲಿಗೆ ಬಂದ ಅಜ್ಜಿ ಯುರೋಪಿನ ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಹಿಟ್ಲರನ ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಬದುಕಿದವರಾಗಿದ್ದರೆ ಇಷ್ಟೇ ಸಾಲದು.

ಅಂಥವರು ಇನ್ನೂ ಇದ್ದಾರಾ ಅಂತ ಕೇಳಬಹುದು. ಇದ್ದಾರೆ. ಬದುಕುಳಿದವರಿಗಾಗಿ ಜರ್ಮನಿಯಿಂದ ಪರಿಹಾರ ಕೊಡಿಸುವ ಕ್ಲೇಮ್ಸ್ ಕಾನ್ಫರೆನ್ಸ್ ಎಂಬ ಸಂಸ್ಥೆ 1951ರಿಂದ ಕೆಲಸ ಮಾಡುತ್ತಿದೆ. ಜಗತ್ತಿನಲ್ಲಿ ಸುಮಾರು 2.45 ಲಕ್ಷ ಜನ ಉಳಿದಿದ್ದಾರೆ, ಹೆಚ್ಚುಕಡಿಮೆ ಅರ್ಧದಷ್ಟು ಇಸ್ರೇಲ್‌ನಲ್ಲೇ ಇದ್ದಾರೆ ಎಂದು ಅದು 2024ರ ಜನವರಿಯಲ್ಲಿ ಲೆಕ್ಕ ಕೊಟ್ಟಿತ್ತು. ಆಮೇಲೆ ಸಂಖ್ಯೆ ಇಳಿಯುತ್ತಲೇ ಇದೆ. ಈಗ ಉಳಿದಿರುವವರೆಲ್ಲ ಹೆಚ್ಚಾಗಿ ಆಗ ಮಕ್ಕಳು. ಇದನ್ನು ನೆನಪಿಟ್ಟುಕೊಳ್ಳಿ. ನೀವು ನೋಡಿಕೊಳ್ಳುವುದು ಎಂಬತ್ತು ದಾಟಿದ ಹಿರಿಯರನ್ನು ನಿಜ, ಆದರೆ ರಾತ್ರಿ ಎದ್ದು ಕೂಗುವುದು ಐದು ವರ್ಷದ ಮಗು.

1. ಕಥೆ ಕೇಳಿ, ಆದರೆ ಅವರನ್ನಲ್ಲ

ಮೊದಲ ವಾರವೇ ಮಗನೋ ಮಗಳೋ ಸಿಕ್ಕಾಗ ಕೇಳಿಕೊಳ್ಳಿ. ಹುಟ್ಟಿದ್ದು ಎಲ್ಲಿ? ಯುದ್ಧದಲ್ಲಿ ಎಲ್ಲಿದ್ದರು? ಯಾರನ್ನು ಕಳೆದುಕೊಂಡರು? ಯಾವುದಕ್ಕೆ ಹೆದರುತ್ತಾರೆ?

ಎಲ್ಲರ ಕಥೆಯೂ ಔಷ್ವಿಟ್ಜ್, ಅಂದರೆ ಪೋಲೆಂಡ್‌ನಲ್ಲಿ ನಾಜಿಗಳು ನಡೆಸಿದ ಸಾವಿನ ಕ್ಯಾಂಪಿನದ್ದಲ್ಲ. ತೋಳಿನ ಮೇಲೆ ಹಚ್ಚೆಯ ನಂಬರ್ ಹಾಕುತ್ತಿದ್ದದ್ದು ಆ ಒಂದು ಕ್ಯಾಂಪಿನ ವ್ಯವಸ್ಥೆಯಲ್ಲಿ. ನಂಬರ್ ಇಲ್ಲದ್ದಕ್ಕೆ "ಇವರಿಗೆ ಅಷ್ಟೇನೂ ಆಗಿಲ್ಲ" ಅಂತ ಅಂದುಕೊಳ್ಳಬೇಡಿ. ಒಬ್ಬರು ಪೋಲೆಂಡ್‌ನಲ್ಲಿ ಅಟ್ಟದ ಮೇಲೆ ಉಸಿರು ಬಿಗಿಹಿಡಿದು ಅಡಗಿದ್ದವರು. ಇನ್ನೊಬ್ಬರು ಹಂಗೇರಿಯವರು, 1944ರಲ್ಲಿ ಮನೆಮಂದಿಯನ್ನೆಲ್ಲ ನಾಜಿಗಳು ರೈಲಿಗೆ ತುಂಬಿ ಕ್ಯಾಂಪಿಗೆ ಸಾಗಿಸಿದ್ದನ್ನು ಕಂಡವರು. ರಷ್ಯನ್ ಮಾತಾಡುವ ಅಜ್ಜ 1941ರಿಂದ 44ರವರೆಗೆ ಮುತ್ತಿಗೆಯಲ್ಲಿದ್ದ ಲೆನಿನ್‌ಗ್ರಾಡ್‌ನಲ್ಲಿ ಹಸಿದಿದ್ದಿರಬಹುದು, ಇಲ್ಲವೇ ತಾಯಿಯ ಜೊತೆ ಉಜ್ಬೇಕಿಸ್ತಾನದವರೆಗೆ ಓಡಿಹೋಗಿದ್ದಿರಬಹುದು. ಬಾಗ್ದಾದ್‌ನ ಯಹೂದಿಗಳ ಮೇಲೆ 1941ರ ಜೂನ್‌ನಲ್ಲಿ ದಾಳಿ ನಡೆದಾಗ ಮಗುವಾಗಿದ್ದವರೂ ಇದ್ದಾರೆ. ಅವರ ಮನೆಮಾತು ಅರಬ್ಬಿ.

ಅವರನ್ನೇ ಕೂರಿಸಿಕೊಂಡು "ಏನಾಯ್ತು ಹೇಳಿ ಅಜ್ಜಿ" ಅನ್ನಬೇಡಿ. ಕೆಲವರು ಮಕ್ಕಳಿಗೂ ಹೇಳಿರುವುದಿಲ್ಲ. ಅವರಾಗಿ ಹೇಳಲು ಶುರು ಮಾಡಿದರೆ ಮಾತ್ರ ಕೈಯಲ್ಲಿರುವ ಕೆಲಸ ಬಿಟ್ಟು ಕೂತು ಕೇಳಿ. "ಅಯ್ಯೋ ಅದೆಲ್ಲ ಮರೆತುಬಿಡಿ" ಅಂತ ಸಮಾಧಾನ ಹೇಳುವುದು ನಮ್ಮ ಕಡೆಯ ಅಭ್ಯಾಸ. ಅದನ್ನು ಊರಲ್ಲೇ ಬಿಟ್ಟು ಹೋಗಿ.

ಕರೆಯುವುದು ಹೇಗೆ ಅನ್ನುವುದೂ ಒಂದು ಪ್ರಶ್ನೆ. ಇಸ್ರೇಲ್‌ನಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನಮಗೆ ಬಾಯಿ ಬರುವುದಿಲ್ಲ. ಹೀಬ್ರೂವಿನಲ್ಲಿ ಅಜ್ಜಿ ಅಂದರೆ ಸಾವ್ತಾ, ಅಜ್ಜ ಅಂದರೆ ಸಾಬಾ. ಹಾಗೆ ಕರೆಯಬಹುದಾ ಎಂದು ಕೇಳಿ. ಕೆಲವರಿಗೆ ಅದು ಇಷ್ಟ. ತನ್ನ ಹೆಸರನ್ನೇ ಕಿತ್ತುಕೊಂಡ ಕಾಲ ನೋಡಿದವರಿಗೆ ಹೆಸರಿನಿಂದ ಕರೆಸಿಕೊಳ್ಳುವುದೇ ಬೇಕಾಗಿರಬಹುದು.

2. ಸ್ನಾನ: ಎಲ್ಲಕ್ಕಿಂತ ಕಷ್ಟದ ಹೊತ್ತು

ನಾಜಿಗಳ ಕ್ಯಾಂಪುಗಳಲ್ಲಿ ಬಟ್ಟೆ ಬಿಚ್ಚಿಸಿ, ಕೂದಲು ಬೋಳಿಸಿ, ಸ್ನಾನಕ್ಕೆಂದು ಹೇಳಿ ವಿಷದ ಗಾಳಿಯ ಕೋಣೆಗೆ ನೂಕುತ್ತಿದ್ದರು. ಶವರ್ ತಲೆಗಳನ್ನು ಜೋಡಿಸಿದ ಕೋಣೆಗಳವು. ಇದು ಗೊತ್ತಿದ್ದ ಮೇಲೆ ಸ್ನಾನದ ಮನೆ ಬಾಗಿಲಲ್ಲಿ ಗಟ್ಟಿಯಾಗಿ ನಿಂತುಬಿಡುವ ಅಜ್ಜಿಯನ್ನು ಹಟಮಾರಿ ಅನ್ನುವುದಕ್ಕೆ ಮನಸ್ಸು ಬರುವುದಿಲ್ಲ.

ಹೀಗೆ ಮಾಡಿ. ಹಿಂದಿನ ದಿನವೇ ಹೇಳಿ: "ನಾಳೆ ತಿಂಡಿ ಆದಮೇಲೆ ಸ್ನಾನ." ಪ್ರತಿ ಸಲ ಅದೇ ಹೊತ್ತು ಇರಲಿ. ಸ್ನಾನದ ಮನೆಯನ್ನು ಮೊದಲೇ ಬೆಚ್ಚಗೆ ಮಾಡಿ. ಬಾಗಿಲಿಗೆ ಚಿಲಕ ಹಾಕಬೇಡಿ, ಸ್ವಲ್ಪ ತೆರೆದೇ ಇಡಿ. ತಲೆಯ ಮೇಲಿಂದ ಸುರಿಯುವ ಶವರ್ ಬೇಡವೇ ಬೇಡ. ಕೈಯಲ್ಲಿ ಹಿಡಿಯುವ ಶವರ್ ಇದ್ದರೆ ಅದನ್ನು ಅವರ ಕೈಗೇ ಕೊಡಿ. ನೀರು ಎಲ್ಲಿಂದ ಬರುತ್ತಿದೆ, ಎಷ್ಟು ಬಿಸಿ, ಯಾವಾಗ ನಿಲ್ಲಬೇಕು ಎಲ್ಲ ಅವರ ಹಿಡಿತದಲ್ಲಿರುತ್ತದೆ. ಅದೂ ಬೇಡ ಅಂದರೆ ನಮ್ಮ ಬಕೆಟ್ಟು, ಚೊಂಬು ಇದ್ದೇ ಇದೆಯಲ್ಲ! ನೀರು ಕಣ್ಣೆದುರಿಗೇ ಇರುವುದರಿಂದ ಹೆದರಿಕೆ ಕಡಿಮೆ.

ಎಲ್ಲ ಬಟ್ಟೆಯನ್ನೂ ಒಟ್ಟಿಗೆ ತೆಗೆಯಬೇಡಿ. ಹೆಗಲ ಮೇಲೊಂದು, ತೊಡೆಯ ಮೇಲೊಂದು ದೊಡ್ಡ ಟವೆಲ್ ಹೊದಿಸಿ. ಪಾದದಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಮುಟ್ಟುವ ಮೊದಲು ಹೇಳಿ: "ಈಗ ಎಡಗಾಲು." ತಲೆಸ್ನಾನ ಬೇರೆ ದಿನ ಇಟ್ಟುಕೊಳ್ಳಿ. "ಬೇಡ" ಅಂದ ಕೂಡಲೇ ನಲ್ಲಿ ನಿಲ್ಲಿಸಿ. ಹೇಳಿದರೆ ಇವಳು ನಿಲ್ಲಿಸುತ್ತಾಳೆ ಅನ್ನುವ ನಂಬಿಕೆ ಒಮ್ಮೆ ಬಂದರೆ ಮುಂದಿನ ಸಲ ಅರ್ಧ ಜಗಳ ಇರುವುದಿಲ್ಲ. ತೀರಾ ಆಗದ ದಿನ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ. ದಿನಾ ಸ್ನಾನ ಆಗಲೇಬೇಕು ಅನ್ನುವುದು ನಮ್ಮ ಸೆಖೆಯ ಊರಿನ ರೂಢಿ, ಅವರದ್ದಲ್ಲ.

ಕೂದಲು ಕತ್ತರಿಸುವುದು, ಡಯಾಪರ್ ಬದಲಿಸುವುದು ಕೂಡ ಇದೇ ದಾರಿ. ಗಂಡಸರಿಗೆ ಗಂಡಸು, ಹೆಂಗಸರಿಗೆ ಹೆಂಗಸು ಬೇಕೆಂದರೆ ಏಜೆನ್ಸಿಯವರಿಗೆ ಸ್ಪಷ್ಟವಾಗಿ ಹೇಳಿ.

3. ಅಡುಗೆಮನೆ

ದಿಂಬಿನ ಕೆಳಗೆ ಒಣಗಿದ ಬ್ರೆಡ್ ಸಿಗುತ್ತದೆ. ಕಪಾಟಿನಲ್ಲಿ ಸಕ್ಕರೆ ಪೊಟ್ಟಣ, ಹ್ಯಾಂಡ್‌ಬ್ಯಾಗಿನಲ್ಲಿ ಹೋಟೆಲಿನಿಂದ ತಂದ ಬನ್ನು. ಇರುವೆ ಬರುತ್ತದೆ ಅಂತ ಗುಡಿಸಿ ಕಸಕ್ಕೆ ಹಾಕಿದಿರೋ, ಮುಗಿಯಿತು. ಮಾರನೆಯ ದಿನ ಇನ್ನೂ ಜಾಸ್ತಿ ಬಚ್ಚಿಡುತ್ತಾರೆ, ನಿಮಗೆ ಸಿಗದ ಕಡೆ. ಬದಲಿಗೆ ಮುಚ್ಚಳ ಇರುವ ಒಂದು ಡಬ್ಬಿ ತಂದು ಮಂಚದ ಪಕ್ಕ ಇಡಿ. "ಇದು ನಿಮ್ಮ ಬ್ರೆಡ್ ಡಬ್ಬಿ" ಎಂದು ಹೇಳಿ. ಹಳೆಯದನ್ನು ಅವರ ಎದುರಿಗೇ, ಅವರನ್ನು ಕೇಳಿಯೇ ತೆಗೆದು ತಾಜಾ ತುಂಡು ಹಾಕಿ. ಊಟದ ಮೇಜಿನ ಮೇಲೆ ಯಾವಾಗಲೂ ಬ್ರೆಡ್ ಕಾಣುತ್ತಿರಲಿ. ಆಸ್ಪತ್ರೆಗೆ ಹೋಗುವಾಗಲೂ ಚೀಲದಲ್ಲಿ ಒಂದಿಷ್ಟು ಇರಲಿ. ಉಳಿದ ಅನ್ನ, ತರಕಾರಿ ಸಿಪ್ಪೆ ಅವರ ಕಣ್ಣೆದುರು ಎಸೆಯಬೇಡಿ. ಆಲೂಗಡ್ಡೆ ಸಿಪ್ಪೆ ದಪ್ಪಗೆ ತೆಗೆದಿರಿ ಎಂದು ಬೈದರೆ ಬೈಸಿಕೊಳ್ಳಿ. ಸಿಪ್ಪೆ ತಿಂದು ಬದುಕಿದವರು ಅವರು.

ಇನ್ನು ಕೋಶರ್, ಅಂದರೆ ಯಹೂದಿ ಧರ್ಮದ ಆಹಾರ ನಿಯಮ. ಅದನ್ನು ಪಾಲಿಸುವ ಮನೆಯಲ್ಲಿ ಮಾಂಸ, ಹಾಲು ಒಟ್ಟಿಗೆ ಸೇರಿಸುವ ಹಾಗಿಲ್ಲ. ಪಾತ್ರೆ, ಚಾಕು, ಸ್ಪಂಜು ಎಲ್ಲ ಎರಡೆರಡು ಸೆಟ್. ಮಾಂಸದೂಟದ ನಂತರ ಹಾಲಿನ ಪದಾರ್ಥಕ್ಕೆ ಮನೆತನದ ರೂಢಿಯಂತೆ ಕೆಲವು ಗಂಟೆ ಕಾಯುತ್ತಾರೆ, ಆರು ಗಂಟೆಯವರೆಗೂ. ಹಂದಿ ಮಾಂಸ ಇಲ್ಲ. ಸಿಗಡಿ, ಏಡಿ, ಮರುವಾಯಿ ಕೂಡ ಇಲ್ಲ. ಕರಾವಳಿಯವರು ಈ ಸಂಕಟವನ್ನು ರಜೆಯ ದಿನ ಹೊರಗೆ ತೀರಿಸಿಕೊಳ್ಳಬೇಕು. ಮಡಿ-ಮೈಲಿಗೆಯ ಅಡುಗೆಮನೆ ನೋಡಿ ಬೆಳೆದವರಿಗೆ ಇದೆಲ್ಲ ಬೇಗ ಹಿಡಿಸುತ್ತದೆ. ತಪ್ಪಿ ಹಾಲಿನ ಚಮಚ ಮಾಂಸದ ಪಾತ್ರೆಗೆ ಬಿದ್ದರೆ ತೊಳೆದು ಸುಮ್ನೆ ಇಟ್ಟುಬಿಡಬೇಡಿ, ಹೇಳಿಬಿಡಿ. ಅದಕ್ಕೂ ಅವರಲ್ಲಿ ದಾರಿಗಳಿವೆ.

ಪೆಸಾಹ್ ಹಬ್ಬದ ದಿನಗಳಲ್ಲಿ ಬ್ರೆಡ್, ಹುಳಿ ಬಂದ ಹಿಟ್ಟಿನ ಯಾವುದೂ ಮನೆಯಲ್ಲಿರಬಾರದು. ನಿಮ್ಮ ಕೋಣೆಯ ಬಿಸ್ಕತ್ತು ಕೂಡ. ಯುರೋಪಿನಿಂದ ಬಂದ, ಸಂಪ್ರದಾಯ ಪಾಲಿಸುವ ಅಶ್ಕೆನಾಜಿ ಕುಟುಂಬಗಳು ಆಗ ಅನ್ನವನ್ನೂ ತಿನ್ನುವುದಿಲ್ಲ. ಅರಬ್ ದೇಶಗಳಿಂದ ಬಂದ ಬಹಳಷ್ಟು ಕುಟುಂಬಗಳು ತಿನ್ನುತ್ತವೆ. ಬ್ರೆಡ್ ಡಬ್ಬಿಯ ಅಜ್ಜಿಗೆ ಈ ಹಬ್ಬ ಕಳವಳದ ಕಾಲ. ಡಬ್ಬಿ ಖಾಲಿ ಬಿಡದೆ ಮಾಟ್ಸಾ ತುಂಬಿ. ಅದು ಹಬ್ಬಕ್ಕೆ ತಿನ್ನುವ, ಹುಳಿ ಬರಿಸದ ಗರಿಗರಿ ರೊಟ್ಟಿ.

4. ಧರ್ಮ ಇದೆಯಾ ಇಲ್ಲವಾ ಕೇಳಿ ತಿಳಿಯಿರಿ

ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಶಬಾತ್, ಯಹೂದಿಗಳ ವಾರದ ವಿಶ್ರಾಂತಿ ದಿನ. ಆಚರಿಸುವವರ ಮನೆಯಲ್ಲಿ ಸ್ವಿಚ್ ಮುಟ್ಟುವುದಿಲ್ಲ, ಒಲೆ ಹಚ್ಚುವುದಿಲ್ಲ. ಊಟ ಬಿಸಿ ಇಡಲು ಪ್ಲಾಟಾ ಎಂಬ ವಿದ್ಯುತ್ ತಟ್ಟೆ ಶುಕ್ರವಾರವೇ ಹಚ್ಚಿರುತ್ತಾರೆ. ನೀವು ಯಾವುದನ್ನು ಮಾಡಬಹುದು, ಯಾವುದು ಬೇಡ ಎಂದು ಮನೆಯವರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಒಂದು ಮಾತ್ರ ಪಕ್ಕಾ: ಪ್ರಾಣಕ್ಕೆ ಅಪಾಯ ಅಂದರೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡಿ. ಯೋಮ್ ಕಿಪ್ಪುರ್ ಉಪವಾಸದ ದಿನ ಮಾತ್ರೆ ಬೇಡ ಎಂದರೆ ಡಾಕ್ಟರ್ ಮತ್ತು ಅವರ ಧರ್ಮಗುರು ರಬ್ಬಿ ಇಬ್ಬರ ಮಾತನ್ನೂ ಮನೆಯವರಿಂದ ಮೊದಲೇ ಕೇಳಿಸಿಡಿ.

ಎಷ್ಟೋ ಜನ ಆ ವರ್ಷಗಳ ನಂತರ ದೇವರನ್ನೇ ಬಿಟ್ಟರು. ಅವರ ಹತ್ತಿರ ದೇವರ ಬಗ್ಗೆ ವಾದ ಬೇಡ.

5. ನಿಮ್ಮ ಸೂಟ್‌ಕೇಸ್ ಒಮ್ಮೆ ನೋಡಿಕೊಳ್ಳಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ನಮ್ಮವರಿಗೆ ತುಂಬಾ ಮುಖ್ಯ. ಕುಂಕುಮದ ಭರಣಿ, ಪಂಚಾಂಗದ ಕ್ಯಾಲೆಂಡರ್, ಒಡವೆ ಅಂಗಡಿಯವರು ಕೊಟ್ಟ ಪರ್ಸ್, ಲಕ್ಷ್ಮಿ ಫೋಟೊದ ಚೌಕಟ್ಟು, ಇವುಗಳ ಮೇಲೆಲ್ಲ ಸ್ವಸ್ತಿಕ ಇರುತ್ತದೆ. ನಮಗದು ಶುಭ. ಆ ಮನೆಯಲ್ಲಿ ಅದು ಬಾಗಿಲು ಒಡೆದು ಬಂದವರ ತೋಳಪಟ್ಟಿ. ನಮ್ಮದು ನೇರ, ನಾಜಿಗಳದ್ದು ಓರೆ ಎಂದು ವಿವರಿಸಲು ಹೋಗಬೇಡಿ. ಅಂಥ ವಸ್ತುಗಳನ್ನು ಊರಲ್ಲೇ ಇಟ್ಟು ಹೋಗಿ. ಗಣಪತಿ, ದೇವಿಯ ಫೋಟೊ ನಿಮ್ಮ ಕೋಣೆಯಲ್ಲಿ ಇಟ್ಟುಕೊಳ್ಳಲು ಅಡ್ಡಿ ಇಲ್ಲ, ಚಿಹ್ನೆ ಇಲ್ಲದ್ದನ್ನು ಆರಿಸಿ. ಊದುಬತ್ತಿ ಹಚ್ಚುವ ಮೊದಲು ಹೊಗೆಯ ವಾಸನೆ ಅವರಿಗೆ ಆಗುತ್ತದಾ ಎಂದು ಕೇಳಿ.

ಕ್ರೈಸ್ತರಿಗೂ ಒಂದು ಮಾತು. ಯುದ್ಧದಲ್ಲಿ ಕೆಲವು ಯಹೂದಿ ಮಕ್ಕಳನ್ನು ಕಾನ್ವೆಂಟುಗಳಲ್ಲಿ ಬಚ್ಚಿಟ್ಟು ಉಳಿಸಿದರು. ಶಿಲುಬೆ ಕಂಡರೆ ಒಬ್ಬರಿಗೆ ತನ್ನನ್ನು ಉಳಿಸಿದ ಸಿಸ್ಟರ್ ನೆನಪಾಗಬಹುದು, ಇನ್ನೊಬ್ಬರಿಗೆ ತನ್ನ ಹೆಸರು, ಧರ್ಮ ಬದಲಾದದ್ದು. ರೋಸರಿ ನಿಮ್ಮ ಕೋಣೆಯಲ್ಲಿರಲಿ. "ನಿಮಗಾಗಿ ಪ್ರಾರ್ಥಿಸುತ್ತೇನೆ" ಎನ್ನುವ ಮಾತು ಕೇಳಿಯೇ ಆಡಿ.

ನೀಲಿ-ಬಿಳಿ ಪಟ್ಟೆಯ ಪೈಜಾಮ ಬೇಡ, ಕ್ಯಾಂಪಿನ ಕೈದಿಗಳ ಬಟ್ಟೆ ಅಂಥದ್ದೇ ಇತ್ತು. ಅವರ ಕೈಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಲೇಬೇಡಿ.

6. ರಾತ್ರಿ, ಸೈರನ್ ಮತ್ತು ಹಳೆಯ ಭಾಷೆ

ಮರೆವಿನ ಕಾಯಿಲೆ ಬಂದರೆ ಕೊನೆಗೆ ಕಲಿತ ಭಾಷೆ ಮೊದಲು ಹೋಗುವುದು ಸಾಮಾನ್ಯ. ಹೀಬ್ರೂ ಅವರು ದೊಡ್ಡವರಾದ ಮೇಲೆ ಕಲಿತದ್ದಿರಬಹುದು. ಹಾಗಾಗಿ ಸಂಜೆಯಾದಂತೆ ಯಿಡ್ಡಿಶ್ (ಯುರೋಪಿನ ಯಹೂದಿಗಳ ಮನೆಮಾತು), ಪೋಲಿಷ್, ಹಂಗೇರಿಯನ್ ಬರುತ್ತದೆ. ಮನೆಯವರಿಂದ ಆ ಭಾಷೆಯ ಹತ್ತು ಮಾತು ಕಲಿಯಿರಿ: ನೀರು, ನೋವು, ಬಾತ್‌ರೂಮ್, ಹೆದರಬೇಡಿ, ನಾನಿದ್ದೇನೆ. ಅವರು "ಅವರು ಬರುತ್ತಿದ್ದಾರೆ" ಅಂದರೆ ಯಾರೂ ಇಲ್ಲ ಎಂದು ವಾದಿಸಬೇಡಿ. ದೀಪ ಹಚ್ಚಿ, ಎದುರಿಗೆ ಬನ್ನಿ, ಹಿಂದಿನಿಂದ ಮುಟ್ಟಬೇಡಿ. "ಇದು ನಿಮ್ಮ ಮನೆ, ಕೀಲಿ ನಿಮ್ಮ ಹತ್ತಿರವೇ ಇದೆ" ಎಂದು ಹೇಳಿ ಕೀಲಿಯನ್ನು ಕೈಯಲ್ಲಿಡಿ.

ರಾಕೆಟ್ ಸೈರನ್ ಕೂಗಿದಾಗ ಎಲ್ಲರೂ ಓಡುತ್ತಾರೆ. ನೀವು ಕೈ ಹಿಡಿದು ಎಳೆದರೆ ಅವರ ಪಾಲಿಗೆ ಅದು ಬೇರೆಯದೇ ಎಳೆದಾಟ. ಸೈರನ್ ಇಲ್ಲದ ದಿನ ಸುರಕ್ಷಿತ ಕೋಣೆಯವರೆಗೆ ಒಟ್ಟಿಗೆ ನಡೆದು ಅಭ್ಯಾಸ ಮಾಡಿ. ಒಳಗೆ ದೀಪ, ನೀರು, ಶಾಲು, ಬ್ರೆಡ್ ಮೊದಲೇ ಇರಲಿ. ಹತ್ಯಾಕಾಂಡದ ಸ್ಮರಣೆಯ ದಿನ, ಯೋಮ್ ಹಶೋವಾ, ಬೆಳಗ್ಗೆ ಹತ್ತಕ್ಕೆ ದೇಶವೇ ಎರಡು ನಿಮಿಷ ಸೈರನ್‌ಗೆ ನಿಲ್ಲುತ್ತದೆ. ಆ ದಿನ ಬರುವ ಮೊದಲೇ ಅವರಿಗೆ ಹೇಳಿ. ಟಿವಿ ಹಾಕಬೇಕೋ ಬೇಡವೋ ಅವರೇ ತೀರ್ಮಾನಿಸಲಿ.

7. "ಚೆನ್ನಾಗಿದ್ದೇನೆ" ಅಂದರೆ ನಂಬಬೇಡಿ

ಕ್ಯಾಂಪಿನಲ್ಲಿ ಕಾಯಿಲೆ ಬಿದ್ದವರನ್ನು ಹೆಚ್ಚಾಗಿ ಬದುಕಲು ಬಿಡುತ್ತಿರಲಿಲ್ಲ. ನಾಜಿ ವೈದ್ಯರೇ ಯಾರು ದುಡಿಮೆಗೆ, ಯಾರು ಸಾವಿಗೆ ಎಂದು ಬೆರಳು ತೋರಿಸುತ್ತಿದ್ದರು. ಅದನ್ನು ಕಂಡವರು ನೋವನ್ನು ಮುಚ್ಚಿಡುವುದರಲ್ಲಿ ಪಳಗಿರುತ್ತಾರೆ. ಮುಖ ಕಿವುಚುವುದು, ಊಟ ಬಿಡುವುದು, ಒಂದು ಕಾಲಿನ ಮೇಲೇ ಭಾರ ಹಾಕುವುದು, ಇವನ್ನು ನೋಡಿ ಬರೆದಿಡಿ. ಆಸ್ಪತ್ರೆಯಲ್ಲಿ ನರ್ಸ್‌ಗೆ ಇವರು ಬದುಕುಳಿದವರು ಎಂದು ಮೆಲ್ಲಗೆ ತಿಳಿಸಿ. ಮನಸ್ಸಿನ ಸಹಾಯಕ್ಕೆ 1987ರಲ್ಲಿ ಶುರುವಾದ ಆಮ್ಖಾ ಎಂಬ ಸಂಸ್ಥೆ ಇಸ್ರೇಲ್‌ನಲ್ಲಿದೆ. ಮನೆಯವರಿಗೆ ನೆನಪಿಸಿ.

8. ರಜೆಗೆ ಹೊರಡುವಾಗ

ಹೇಳದೆ ಹೋದರೆ ಅಳುವುದು ತಪ್ಪುತ್ತದೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಇಲ್ಲಿ ಅದು ದೊಡ್ಡ ತಪ್ಪು. ಒಂದು ಬೆಳಗ್ಗೆ ಹೇಳದೆ ಕೇಳದೆ ಮನೆಯವರು ಕಾಣೆಯಾದದ್ದನ್ನು ಅವರು ಚಿಕ್ಕಂದಿನಲ್ಲೇ ನೋಡಿದ್ದಾರೆ. ವಾರಗಳ ಮೊದಲೇ ಹೇಳಿ, ಬರುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಅವರಿಂದಲೇ ಗುರುತು ಹಾಕಿಸಿ. ಸೂಟ್‌ಕೇಸ್ ಅವರ ಎದುರು ತುಂಬಬೇಡಿ. ನಿಮ್ಮ ಜಾಗಕ್ಕೆ ಕೆಲಸಕ್ಕೆ ಬರುವವರು ಒಂದೆರಡು ದಿನ ನಿಮ್ಮ ಜೊತೆಗೇ ಇರಲಿ, ಒಮ್ಮೆ ಸ್ನಾನವನ್ನೂ ನಿಮ್ಮೆದುರೇ ಮಾಡಿಸಲಿ. ಹೊರಡುವ ಮುಂಚೆ ಅವರಿಗೊಂದು ಹಾಳೆ ಬರೆದುಕೊಡಿ. ಸ್ನಾನ, ಬ್ರೆಡ್ ಡಬ್ಬಿ, ರಾತ್ರಿಯ ದೀಪ, ಈ ಮೂರು ಮೊದಲು ಬರಲಿ. ಮಾತ್ರೆಗಳ ಪಟ್ಟಿ ಹೇಗೂ ಫ್ರಿಜ್ ಮೇಲೆ ಅಂಟಿಸಿರುತ್ತದೆ.