ಸೊಂಟ ಹಿಡಿದಾಗ ಬರೆದುಕೊಡುವ ಮಾತ್ರೆ: ನುಂಗುವ ಮೊದಲು, ನುಂಗಿದ ಮೇಲೆ

20 ಲೀಟರ್ ನೀರಿನ ಕ್ಯಾನ್ ಎತ್ತಿ ಸ್ಟ್ಯಾಂಡಿನ ಮೇಲೆ ಬೋರಲು ಹಾಕಲು ಹೋಗಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಸೊಂಟದ ಎಡಗಡೆ ಯಾರೋ ಒಳಗಿನಿಂದ ಮುಷ್ಟಿ ಬಿಗಿದ ಹಾಗಾಯಿತು. ಕ್ಯಾನ್ ಬಿಟ್ಟು ಅಡುಗೆಮನೆ ಕಟ್ಟೆ ಹಿಡಿದು ನಿಂತೆ. ಬಗ್ಗಲೂ ಆಗದು, ನೆಟ್ಟಗಾಗಲೂ ಆಗದು. ಕೈಯಿಟ್ಟು ನೋಡಿದರೆ ಬೆನ್ನುಮೂಳೆಯ ಪಕ್ಕದ ಮಾಂಸ ಹುರಿ ಹಾಕಿದ ಹಗ್ಗದಷ್ಟು ಗಟ್ಟಿ. ಸಂಜೆ ಡಾಕ್ಟರ್ 5 ದಿನಕ್ಕೆ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ. ಚೀಟಿಯಲ್ಲಿ ಇದ್ದದ್ದು ಅಷ್ಟೇ.

ಆ ಮಾತ್ರೆಯನ್ನು ಮಸಲ್ ರಿಲ್ಯಾಕ್ಸಂಟ್, ಅಂದರೆ ಸ್ನಾಯುವಿನ ಬಿಗಿತ ಸಡಿಲಿಸುವ ಮಾತ್ರೆ ಎನ್ನುತ್ತಾರೆ. ಕತ್ತು ಹಿಡಿದರೆ, ಬೆನ್ನು ಉಳುಕಿದರೆ ನಮ್ಮಲ್ಲಿ ಬಹಳ ಜನ ಇದನ್ನು ನುಂಗುತ್ತಾರೆ. ಇದು ನಾಲ್ಕಾರು ದಿನದ ನೆಂಟ. ಬಂದ ಕೆಲಸ ಮುಗಿಸಿ ಹೋಗಬೇಕು, ಮನೆಯಲ್ಲಿ ಠಿಕಾಣಿ ಹೂಡಬಾರದು. ಇದನ್ನು ಸರಿಯಾಗಿ ಬಳಸುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು: ಇದು ಈ ಮಾತ್ರೆಗೆ ಬಗ್ಗುವ ನೋವೇ ಅಲ್ವಾ ನೋಡಿ

ಭಾರ ಎತ್ತಿದಾಗ, ವಾರೆಯಾಗಿ ಮಲಗಿದಾಗ, ದಿನವಿಡೀ ಬಗ್ಗಿ ಕೆಲಸ ಮಾಡಿದಾಗ ಬರುವ ಹಿಡಿತ ಬಹುತೇಕ ಸ್ನಾಯುವಿನದೇ. ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೆಲವು ನೋವು ಮಾತ್ರ ಬೇರೆ ಜಾತಿಯವು.

ಸೊಂಟ ನೋವಿನ ಜೊತೆ ಕಾಲಿನಲ್ಲಿ ಬಲ ಇಲ್ಲದಂತಾದರೆ, ಕೂತಾಗ ನೆಲಕ್ಕೆ ತಾಗುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋಗಿಬಿಟ್ಟರೆ ಬೆನ್ನಿನ ಕೆಳಗಿನ ನರಗಳು ಒತ್ತಿಹೋಗಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಎದೆ ಬಿಗಿದು ನೋವು ಎಡಭುಜಕ್ಕೋ ದವಡೆಗೋ ಹರಡಿ ಬೆವರು ಬಂದರೆ ಅದನ್ನು 'ಭುಜ ಹಿಡಿದಿದೆ' ಎಂದುಕೊಳ್ಳಬೇಡಿ, 108ಕ್ಕೆ ಫೋನ್ ಮಾಡಿ. ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆಗಿನ ಬೆನ್ನುನೋವು, ತೂಕ ಇಳಿಯುತ್ತಾ ಬರುವ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು ಇವನ್ನೂ ಡಾಕ್ಟರ್ ನೋಡಲೇಬೇಕು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಡೆಂಗಿ ಶುರುವಾಗುವುದೇ ಜ್ವರ, ಮೈಕೈ ನೋವಿನಿಂದ. ಅದಕ್ಕೆ ಯಾರೋ ಕೊಟ್ಟ ಬೆನ್ನುನೋವಿನ ಮಾತ್ರೆ ನುಂಗಿದರೆ, ಅದರೊಳಗಿನ ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್ ಎಂಬ ನೋವಿನ ಔಷಧ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಜ್ವರ ಇದ್ದರೆ ಈ ಮಾತ್ರೆಗಳ ತಂಟೆಗೇ ಹೋಗಬೇಡಿ.

ಕೊಲೆಸ್ಟ್ರಾಲ್‌ಗೆ ಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಎರಡೂ ತೊಡೆ, ಎರಡೂ ಭುಜ ಸುಮ್ನೆ ನೋಯಲು ಶುರುವಾದರೆ ಅದನ್ನೂ ಡಾಕ್ಟರಿಗೆ ಹೇಳಿ. ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಹೋಗಿ.

ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿ

ನಾವು ನೋವಿನ ಬಗ್ಗೆ ಹತ್ತು ನಿಮಿಷ ಹೇಳುತ್ತೇವೆ. ಮನೆಯ ಡಬ್ಬಿಯಲ್ಲಿರುವ ಮಾತ್ರೆಗಳ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನಿಜವಾಗಿ ಹೇಳಬೇಕಾದದ್ದು ಅದೇ. ದಿನಾ ತೆಗೆದುಕೊಳ್ಳುವ ಮಾತ್ರೆಗಳ ಶೀಟುಗಳನ್ನೆಲ್ಲ ಒಂದು ಕವರಿಗೆ ಹಾಕಿ ಜೊತೆಗೇ ಒಯ್ಯಿರಿ. ಬಿಪಿ, ಸಕ್ಕರೆ ಕಾಯಿಲೆ, ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ಕಷಾಯ, ಲೇಹ್ಯ ಯಾವುದನ್ನೂ ಬಿಡಬೇಡಿ. ಮೂತ್ರಪಿಂಡ, ಲಿವರ್, ಗ್ಯಾಸ್ಟ್ರಿಕ್ ಹುಣ್ಣು, ಹೃದಯದ ತೊಂದರೆ ಇದ್ದರೆ ಕೇಳದಿದ್ದರೂ ಹೇಳಿ. ಗರ್ಭಿಣಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ, ಮಗು ಬೇಕೆಂಬ ಯೋಚನೆ ಇದ್ದರೆ ಅದನ್ನಂತೂ ಮೊದಲೇ ಹೇಳಿ. ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಡಾಕ್ಟರ್ ಕೇಳುವುದು ಬೈಯಲು ಅಲ್ಲ, ಮಾತ್ರೆ ಆರಿಸಲು.

ಶೀಟನ್ನು ತಿರುಗಿಸಿ ಓದಿ

ಮನೆಗೆ ಬಂದ ಮೇಲೆ ಕನ್ನಡಕ ಹಾಕಿಕೊಂಡು ಬೆಳಕಿನ ಕೆಳಗೆ ಕೂತು ಶೀಟಿನ ಹಿಂಬದಿ ನೋಡಿ. ಎಡಗಡೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಚೀಟಿ ಇಲ್ಲದೆ ಮಾರಬಾರದು, ತಾನಾಗಿಯೇ ತಿನ್ನಬಾರದು ಎಂದು ಅದರ ಅರ್ಥ. ದೊಡ್ಡಕ್ಷರದ ಬ್ರಾಂಡ್ ಹೆಸರು ಬಿಡಿ. ಅದರ ಕೆಳಗೆ ಇರುವೆ ಸಾಲಿನಷ್ಟು ಚಿಕ್ಕ ಅಕ್ಷರದಲ್ಲಿರುವ ಔಷಧದ ಹೆಸರು, ಮಿಲಿಗ್ರಾಂ ಲೆಕ್ಕ ಓದಿ. ಓದಲಾಗದಿದ್ದರೆ ಫೋಟೊ ತೆಗೆದು ಹಿಗ್ಗಿಸಿ.

ನಮ್ಮ ದೇಶದಲ್ಲಿ ಬಹುತೇಕ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿರುತ್ತವೆ. ಒಂದು ಬಿಗಿತ ಸಡಿಲಿಸಲು, ಇನ್ನೊಂದು ನೋವಿಗೆ. ಉದಾಹರಣೆಗೆ ಅಸಿಕ್ಲೋಫೆನಾಕ್ 100 ಮಿಲಿಗ್ರಾಂ, ಥಯೋಕೊಲ್ಚಿಕೋಸೈಡ್ 4 ಮಿಲಿಗ್ರಾಂ. ಅಥವಾ ಕ್ಲೋರ್‌ಜೋಕ್ಸಾಜೋನ್, ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್ ಮೂರೂ ಒಟ್ಟಿಗೆ. ತಲೆನೋವು ಎಂದು ಮೇಲೊಂದು ಪ್ಯಾರಾಸಿಟಮಾಲ್ 650, ಹಲ್ಲುನೋವು ಎಂದು ಇನ್ನೊಂದು ನೋವಿನ ಮಾತ್ರೆ ನುಂಗಿದರೆ ಅದೇ ಔಷಧ ಎರಡು ಸಲ ಹೊಟ್ಟೆಗೆ ಹೋದಂತೆ. ಪ್ಯಾರಾಸಿಟಮಾಲ್ ದೊಡ್ಡವರಿಗೂ ದಿನಕ್ಕೆ 4000 ಮಿಲಿಗ್ರಾಂ ದಾಟಬಾರದು. ಲಿವರ್ ಸರಿ ಇಲ್ಲದವರಿಗೆ, ಕುಡಿಯುವವರಿಗೆ ಮಿತಿ ಅದಕ್ಕಿಂತ ಕಡಿಮೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಜಾತಿಯ ಎರಡು ನೋವಿನ ಮಾತ್ರೆ ಸೇರಿದರೆ ಹೊಟ್ಟೆಯ ಒಳಪದರ, ಮೂತ್ರಪಿಂಡ ಎರಡಕ್ಕೂ ಪೆಟ್ಟು.

ನಿಮ್ಮ ಮಾತ್ರೆ ಯಾವುದು?

ಬಿಗಿತ ಸಡಿಲಿಸುವ ಮಾತ್ರೆ ಹಿಡಿದ ಸ್ನಾಯುವಿಗೇ ಹೋಗಿ ಅದನ್ನು ಬಿಚ್ಚುತ್ತದೆ ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲ. ಇಲ್ಲಿ ಹೇಳುವ ಮಾತ್ರೆಗಳು ಕೆಲಸ ಮಾಡುವುದು ಮುಖ್ಯವಾಗಿ ಮಿದುಳು, ಬೆನ್ನುಹುರಿಯಲ್ಲಿ. 'ಬಿಗಿಹಿಡಿ' ಎಂದು ಸ್ನಾಯುವಿಗೆ ಹೋಗುವ ಸಂದೇಶವನ್ನು ಅಲ್ಲೇ ತಗ್ಗಿಸುತ್ತವೆ. ನಿದ್ದೆ ಮಂಪರು, ತಲೆಸುತ್ತು ಬರುವುದು ಅದಕ್ಕೇ.

ಥಯೋಕೊಲ್ಚಿಕೋಸೈಡ್ ಹುಟ್ಟುವುದು ನಮಗೆ ಗೊತ್ತಿರುವ ಒಂದು ಹೂವಿನ ಗಿಡದಿಂದ. ಮಲೆನಾಡಿನಲ್ಲಿ ಗೌರಿ ಹಬ್ಬದ ಹೊತ್ತಿಗೆ ಬೇಲಿ ಮೇಲೆ ಬೆಂಕಿಯ ನಾಲಗೆಯ ಹಾಗೆ ಅರಳುವ ಗೌರಿ ಹೂ, ಅಂದರೆ ಅಗ್ನಿಶಿಖೆ. ಅದರ ಬೀಜದಿಂದ ತೆಗೆದ ಪದಾರ್ಥವನ್ನು ಮಾರ್ಪಡಿಸಿ ಈ ಔಷಧ ಮಾಡುತ್ತಾರೆ. ತಮಿಳುನಾಡಿನಲ್ಲಿ ಬೀಜಕ್ಕಾಗಿಯೇ ಇದನ್ನು ಬೆಳೆಯುತ್ತಾರೆ, ಅಲ್ಲಿನ ರಾಜ್ಯದ ಹೂವೂ ಅದೇ. ಗಿಡ ಮಾತ್ರ ಗಡ್ಡೆಯಿಂದ ಬೀಜದವರೆಗೂ ವಿಷ. ಮಾತ್ರೆ ಗಿಡದಿಂದ ಬಂದದ್ದು ತಾನೇ ಎಂದು ಯಾರೂ ಗಡ್ಡೆ ಕೀಳಲು ಹೋಗಬಾರದು. ಈ ಔಷಧ ದೇಹದಲ್ಲಿ ಒಡೆದು ಆಗುವ ಒಂದು ಪದಾರ್ಥ ಜೀವಕೋಶ ಒಂದು ಎರಡಾಗುವಾಗ ವರ್ಣತಂತುಗಳ, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳ, ಲೆಕ್ಕ ತಪ್ಪಿಸಬಲ್ಲದು. ಅದಕ್ಕಾಗಿ 2013ರಲ್ಲಿ ಯುರೋಪಿನ ಔಷಧ ಸಂಸ್ಥೆ ಇದಕ್ಕೆ ಮಿತಿ ಹಾಕಿತು. ನುಂಗುವ ಮಾತ್ರೆಯಾದರೆ 12 ಗಂಟೆಗೊಮ್ಮೆ ಹೆಚ್ಚೆಂದರೆ 8 ಮಿಲಿಗ್ರಾಂ, ಅದೂ 7 ದಿನ ಮಾತ್ರ. 16 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಗರ್ಭ ತಡೆಯುವ ಕ್ರಮ ಪಾಲಿಸದ ಹೆಂಗಸರಿಗೆ ಬೇಡ ಎಂದಿತು. ಫಿಟ್ಸ್ ಇರುವವರಿಗೂ ಇದು ಒಳ್ಳೆಯದಲ್ಲ. ತಿಂಗಳುಗಟ್ಟಲೆ ಇದನ್ನು ಚಾಕೊಲೇಟಿನ ಹಾಗೆ ತಿನ್ನುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಟಿಜಾನಿಡಿನ್ ಆದರೆ ಬಿಪಿ ಇಳಿಯುತ್ತದೆ, ಬಾಯಿ ಒಣಗುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಹುಷಾರಾಗಿರಬೇಕು. ಒಂದು ವಿಷಯ ನೆನಪಿಟ್ಟುಕೊಳ್ಳಿ. ಮೂತ್ರದ ಸೋಂಕಿಗೆ, ಭೇದಿಗೆ ಕೊಡುವ ಸಿಪ್ರೋಫ್ಲಾಕ್ಸಾಸಿನ್ ಜೊತೆ ಟಿಜಾನಿಡಿನ್ ತೆಗೆದುಕೊಳ್ಳಲೇಬಾರದು. ಸೇರಿದರೆ ಟಿಜಾನಿಡಿನ್ ಮಟ್ಟ ರಕ್ತದಲ್ಲಿ ಹಲವು ಪಟ್ಟು ಏರಿ ಬಿಪಿ ಕುಸಿಯುತ್ತದೆ. ಖಿನ್ನತೆ, ಗೀಳಿನ ಕಾಯಿಲೆಗೆ ಕೊಡುವ ಫ್ಲುವಾಕ್ಸಮಿನ್ ಜೊತೆಗೂ ಹಾಗೆಯೇ.

ಬ್ಯಾಕ್ಲೋಫೆನ್ ಹೆಚ್ಚಾಗಿ ಪಾರ್ಶ್ವವಾಯು, ಬೆನ್ನುಹುರಿ ಪೆಟ್ಟಿನ ನಂತರ ಕೈಕಾಲು ಸೆಟೆದುಕೊಳ್ಳುವವರಿಗೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಮೈಯಲ್ಲೇ ಉಳಿದು ಗೊಂದಲ, ಅತಿ ಮಂಪರು ತರುತ್ತದೆ. ಬಹುದಿನ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರಬಹುದು. ಶೀಟು ಖಾಲಿಯಾಗುವ ಮೊದಲೇ ಮುಂದಿನದು ತಂದಿಟ್ಟುಕೊಳ್ಳಿ. ಬಿಡುವುದಾದರೆ ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಿ.

ಕ್ಲೋರ್‌ಜೋಕ್ಸಾಜೋನ್ ತೆಗೆದುಕೊಂಡಾಗ ಮೂತ್ರ ಕಿತ್ತಳೆ ಬಣ್ಣಕ್ಕೆ, ಮೆಥೋಕಾರ್ಬಮಾಲ್‌ನಲ್ಲಿ ಕಂದು ಅಥವಾ ಹಸಿರು ಬಣ್ಣಕ್ಕೆ ತಿರುಗಬಹುದು. ಬರೀ ಬಣ್ಣಕ್ಕೆ ಹೆದರಬೇಕಾಗಿಲ್ಲ. ಕಣ್ಣು ಹಳದಿಯಾಗಿ ವಾಕರಿಕೆ, ಹೊಟ್ಟೆಯ ಬಲಭಾಗ ನೋವು ಬಂದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ನುಂಗುವುದು ಹೇಗೆ?

ನೋವಿನ ಔಷಧ ಸೇರಿದ ಮಾತ್ರೆಯನ್ನು ಊಟವಾದ ಮೇಲೆ ಒಂದು ಲೋಟ ನೀರಿನ ಜೊತೆ ನುಂಗಿ. ಮೊದಲನೆಯದನ್ನು ರಾತ್ರಿ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ನಿಮಗೆ ಎಷ್ಟು ಮಂಪರು ಬರುತ್ತದೆ ಎನ್ನುವುದು ಮನೆಯಲ್ಲೇ ಗೊತ್ತಾಗುತ್ತದೆ, ಬೈಕಿನ ಮೇಲೆ ಅಲ್ಲ. ಅದು ಗೊತ್ತಾಗುವವರೆಗೆ ಗಾಡಿ ಓಡಿಸಬೇಡಿ, ಏಣಿ ಹತ್ತಬೇಡಿ, ಟ್ರ್ಯಾಕ್ಟರ್, ಅಡಿಕೆ ಸುಲಿಯುವ ಯಂತ್ರದ ಹತ್ತಿರ ಹೋಗಬೇಡಿ. ಕೆಲವು ನೆಗಡಿ ಮಾತ್ರೆಗಳೂ ನಿದ್ದೆ ತರುತ್ತವೆ, ಎರಡೂ ಸೇರಿದರೆ ಮಂಪರು ಜಾಸ್ತಿ. ಮಾತ್ರೆ ಮುಗಿಯುವವರೆಗೆ ಮದ್ಯ ಪೂರ್ತಿ ಬಂದ್. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ.

ಮಾತ್ರೆ ಕೊಟ್ಟ ಬಿಡುವಿನಲ್ಲಿ ನಡೆಯಿರಿ

ನನ್ನ ಮಟ್ಟಿಗೆ ಇದೇ ಮುಖ್ಯ. ಮೊದಲ ದಿನ ಮಾತ್ರೆ ನುಂಗಿ ಮಲಗಿಬಿಟ್ಟೆ. ಎರಡನೇ ದಿನ ಎದ್ದಾಗ ಬೆನ್ನು ಮರದ ಹಲಗೆ. ಡಾಕ್ಟರಿಗೆ ಫೋನ್ ಮಾಡಿದರೆ, 'ಮಾತ್ರೆ ಕೊಟ್ಟಿದ್ದು ಮಲಗಲಿಕ್ಕಲ್ಲ, ಓಡಾಡಲಿಕ್ಕೆ' ಎಂದರು. ಅಲ್ಲಿನ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಕೊಟ್ಟ ಸಲಹೆಯೂ ಇದಕ್ಕೆ ಹತ್ತಿರವೇ. ಹೊಸದಾಗಿ ಬಂದ ಸೊಂಟ ನೋವಿಗೆ ಮೊದಲು ಬಿಸಿ ಶಾಖ, ಮಾಲೀಶಿನಂಥದ್ದು. ಮಾತ್ರೆ ಬೇಕೇ ಆದರೆ ನೋವಿನ ಮಾತ್ರೆ ಅಥವಾ ಬಿಗಿತ ಸಡಿಲಿಸುವ ಮಾತ್ರೆ.

ಹಾಸಿಗೆಯಿಂದ ನೇರವಾಗಿ ಎದ್ದು ಕೂರಬೇಡಿ. ಮೊದಲು ಒಂದು ಮಗ್ಗುಲಿಗೆ ಹೊರಳಿ. ಮೊಣಕಾಲು ಮಡಚಿ ಕಾಲುಗಳನ್ನು ಮಂಚದಿಂದ ಕೆಳಗಿಳಿಸಿ. ಆಗ ಮೊಣಕೈ, ಅಂಗೈ ಊರಿ ಮೈಯನ್ನು ಮೇಲಕ್ಕೆ ತಳ್ಳಿ. ಕಾಲಿನ ಭಾರವೇ ನಿಮ್ಮನ್ನು ಅರ್ಧ ಎತ್ತುತ್ತದೆ. ಒಂದು ನಿಮಿಷ ಹಾಗೇ ಕೂತು, ತಲೆ ಸುತ್ತದಿದ್ದರೆ ನಿಲ್ಲಿ. ಗಂಟೆಗೊಮ್ಮೆ 5 ನಿಮಿಷ ವರಾಂಡದಲ್ಲಿ ನಡೆಯಿರಿ. ಕೂರುವಾಗ ಸೊಂಟದ ಹಿಂದೆ ಮಡಚಿದ ಟವೆಲ್ ಇಡಿ. ಮಲಗುವಾಗ ಅಂಗಾತವಾದರೆ ಮಂಡಿಯ ಕೆಳಗೆ, ಮಗ್ಗುಲಾದರೆ ಮಂಡಿಗಳ ನಡುವೆ ದಿಂಬು.

ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತಿ 15ರಿಂದ 20 ನಿಮಿಷ ಇಡಿ. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಕೊಡಬೇಡಿ, ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ಕಾಲಿಗೆ ಬಿಸಿ ಚೀಲ ಇಡಲೇಬಾರದು.

ರಾತ್ರಿ ಮೀನಖಂಡ ಹಿಡಿಯುವುದಕ್ಕೆ ಈ ಮಾತ್ರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕಾಲು ಚಾಚಿ, ಬೆರಳುಗಳನ್ನು ನಿಮ್ಮ ಕಡೆಗೆ ಎಳೆದು ಹಿಡಿಯಿರಿ, ಬಿಡುತ್ತದೆ.

ನಿಲ್ಲಿಸುವುದು, ಉಳಿದದ್ದನ್ನು ಏನು ಮಾಡುವುದು

ಚೀಟಿಯಲ್ಲಿ ಬರೆದ ದಿನ ಮುಗಿದರೆ ಮಾತ್ರೆಯೂ ಮುಗಿಯಿತು. ನೋವು ಹಾಗೇ ಇದ್ದರೆ ಹಳೆಯ ಶೀಟು ತೋರಿಸಿ ಇನ್ನೊಂದು ತರಬೇಡಿ, ಡಾಕ್ಟರನ್ನೇ ಮತ್ತೆ ನೋಡಿ. ಮುಖ, ನಾಲಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ ಮತ್ತೆ ಅದೇ 108. ಮಲ ಟಾರಿನ ಹಾಗೆ ಕಪ್ಪಾದರೂ ಕಾಯದೆ ಆಸ್ಪತ್ರೆಗೆ ಹೋಗಿ.

ನನಗೆ 4 ದಿನಕ್ಕೇ ವಾಸಿಯಾಯಿತು. 2 ಮಾತ್ರೆ ಉಳಿದವು. ಅವನ್ನು ಫ್ರಿಜ್ ಮೇಲಿನ ಡಬ್ಬಿಯಲ್ಲಿ ಹಾಕಿಟ್ಟೆ. ಎರಡು ತಿಂಗಳ ನಂತರ ಅಪ್ಪನಿಗೆ ಕತ್ತು ಹಿಡಿಯಿತು. ಅವರಿಗೆ 74. ಬಿಪಿ ಮಾತ್ರೆ ಇದೆ. 'ನಿನಗೆ ವಾಸಿಯಾಗಿತ್ತಲ್ಲ' ಎಂದು ರಾತ್ರಿ ಊಟದ ಮೇಲೆ ಅದರಲ್ಲಿ ಒಂದನ್ನು ನುಂಗಿದ್ದಾರೆ, ಯಾರಿಗೂ ಹೇಳಿಲ್ಲ. ನಡುರಾತ್ರಿ ಬಚ್ಚಲಿಗೆ ಎದ್ದವರು ಬಾಗಿಲ ಹತ್ತಿರ ಬಿದ್ದರು. ಹುಬ್ಬಿನ ಮೇಲೆ 5 ಹೊಲಿಗೆ. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ವಯಸ್ಸಾದವರಿಗೆ ಈ ಬಗೆಯ ಹಲವು ಮಾತ್ರೆಗಳನ್ನು ಕೊಡದಿರುವುದೇ ಒಳ್ಳೆಯದು ಎಂದು ವೈದ್ಯರು ಹೇಳುವುದು ಇದಕ್ಕೇ ಎಂದು ಅವತ್ತು ಗೊತ್ತಾಯಿತು.

ಈಗ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಶೀಟಿನಿಂದ ಬಿಡಿಸಿ, ಬಳಸಿದ ಕಾಫಿ ಪುಡಿಯ ಗಸಿಯಲ್ಲಿ ಕಲಸಿ, ಒಂದು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕುತ್ತೇನೆ. ಮಕ್ಕಳ ಕೈಗೂ ಸಿಗುವುದಿಲ್ಲ, ನಾಯಿ ಬಾಯಿಗೂ ಹೋಗುವುದಿಲ್ಲ. ಫ್ರಿಜ್ ಮೇಲಿನ ಆ ಡಬ್ಬಿಯಲ್ಲಿ ಈಗ ಬ್ಯಾಂಡೇಜ್, ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ ಇವೆ.