99 ರೂಪಾಯಿ ಆಪ್‌ನಲ್ಲಿ ನನ್ನ ಕೈಗೆ ಬಂದಿದ್ದೆಷ್ಟು?

ಮಕ್ಕಳಿಗೆ ಕಾಗುಣಿತ ಕಲಿಸುವ ಒಂದು ಸಣ್ಣ ಆಪ್ ಮಾಡಿದ್ದೇನೆ. ಕೆಲಸ ಮುಗಿಸಿ ಬಂದು ರಾತ್ರಿ ಕೂತು ಮಾಡಿದ್ದು. ಗೂಗಲ್ ಪ್ಲೇಯಲ್ಲಿ ಖಾತೆಗೆ 25 ಡಾಲರ್, ಅದೂ ಒಂದೇ ಸಲ. ಆಪಲ್‌ನಲ್ಲಿ ವರ್ಷ ವರ್ಷವೂ 99 ಡಾಲರ್ ಕಟ್ಟಬೇಕು, ಹಾಗಾಗಿ ಆ ಕಡೆ ತಲೆ ಹಾಕಲಿಲ್ಲ. ಮೊದಲ ಮೂರು ಪಾಠ ಉಚಿತ, ಉಳಿದವಕ್ಕೆ 99 ರೂಪಾಯಿ.

ಅದರಲ್ಲಿ ಸ್ಟೋರ್ ಹಿಡಿದುಕೊಳ್ಳುವುದು 15 ಪರ್ಸೆಂಟ್, ಅಂದರೆ 14 ರೂಪಾಯಿ 85 ಪೈಸೆ. ಅಪ್ಪ ಅಡಿಕೆ ಮಂಡಿ ಲೆಕ್ಕದವರು. ‘ದಲ್ಲಾಳಿನೂ ಇಷ್ಟು ಮುರ್ಕೊಳಲ್ವಲ್ಲೋ’ ಅಂದರು. ಎಲ್ಲರೂ 30 ಪರ್ಸೆಂಟ್ ಅಂತ ಬೈಯುತ್ತಾರಲ್ಲ, 2021ರ ಜುಲೈಯಿಂದ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಅದು ಅರ್ಧಕ್ಕೆ ಇಳಿದಿತ್ತು. 10 ಲಕ್ಷ ಡಾಲರ್ ಬಿಡಿ, 10 ಲಕ್ಷ ರೂಪಾಯಿಯನ್ನೂ ನಾನು ನೋಡಿಲ್ಲ.

2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 936.44 ಕೋಟಿ ದಂಡ ಹಾಕಿ, ಬೇರೆ ಪಾವತಿ ವ್ಯವಸ್ಥೆಗೂ ಜಾಗ ಕೊಡಿ ಅಂದಿತು. ಮೇಲ್ಮನವಿಯಲ್ಲಿ ಆ ದಂಡ 216.69 ಕೋಟಿಗೆ ಇಳಿದಿದ್ದು ಆಮೇಲಿನ ಮಾತು. ಬೇರೆ ಗೇಟ್‌ವೇಯಲ್ಲಿ, ಅಂದರೆ ಆನ್‌ಲೈನ್ ಪಾವತಿ ನಡೆಸಿಕೊಡುವ ಬೇರೆ ಕಂಪನಿಯ ಮೂಲಕ, ದುಡ್ಡು ಕಟ್ಟಿಸಿಕೊಂಡರೆ ಕಮಿಷನ್ 11 ಪರ್ಸೆಂಟ್ ಅಂತಾದಾಗ ನನಗೂ ಆಸೆ ಹುಟ್ಟಿತು. ಎರಡು ವಾರ ಕೂತು ಕೋಡ್ ಬರೆದೆ, ಲೆಕ್ಕ ಹಾಕಿದ್ದು ಮಾತ್ರ ಆಮೇಲೆ. ಸ್ಟೋರ್ ಕಡೆಯಿಂದ ಉಳಿದಿದ್ದು 3 ರೂಪಾಯಿ 96 ಪೈಸೆ. ಗೇಟ್‌ವೇಯವರಿಗೆ 2 ಪರ್ಸೆಂಟ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಸೇರಿ 2 ರೂಪಾಯಿ 34 ಪೈಸೆ ಹೋಯಿತು. ನನಗೆ ದಕ್ಕಿದ್ದು 1 ರೂಪಾಯಿ 62 ಪೈಸೆ! ಒಂದು ಬಾಳೆಹಣ್ಣೂ ಬರಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಸರಿ. ‘ದುಡ್ಡು ಕಟ್ ಆಯ್ತು ಸರ್, ಪಾಠ ಓಪನ್ ಆಗ್ತಿಲ್ಲ’ ಅಂತ ರಾತ್ರಿ ಹನ್ನೊಂದಕ್ಕೆ ಮೆಸೇಜು. ಬ್ಯಾಂಕಿನಿಂದ ದುಡ್ಡು ಹೋಗಿರುತ್ತದೆ, ಗೇಟ್‌ವೇಯಿಂದ ನನ್ನ ಸರ್ವರ್‌ಗೆ ಸುದ್ದಿಯೇ ಬಂದಿರಲ್ಲ. ಅದು ನನ್ನ ಕೋಡಿನದೇ ತಪ್ಪೂ ಇರಬಹುದು. ರೀಫಂಡ್ ಎಲ್ಲ ಕೈಯಾರೆ ಮಾಡಬೇಕು. ಮೂರು ತಿಂಗಳಿಗೇ ಅದನ್ನು ಕಿತ್ತುಹಾಕಿ ವಾಪಸ್ 15 ಪರ್ಸೆಂಟಿಗೇ ಬಂದೆ. ಈ ತಲೆನೋವು ಇಲ್ಲದಿರುವುದಕ್ಕೆ ಅಷ್ಟು ಕೊಡಬಹುದು, ನನ್ನಂಥ ಒಬ್ಬಂಟಿಗೆ ಜಾಸ್ತಿ ಅನಿಸಲ್ಲ.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಆಪ್‌ನಲ್ಲಿ ಮಸಾಲೆ ದೋಸೆ ತರಿಸಿಕೊಳ್ಳಿ, ಕ್ಯಾಬ್ ಕರೆಸಿ, ಸ್ಟೋರ್‌ಗೆ ಒಂದು ಪೈಸೆ ಕಮಿಷನ್ ಇಲ್ಲ. ಕಮಿಷನ್ ಇರುವುದು ಡಿಜಿಟಲ್ ಸರಕಿಗೆ ಮಾತ್ರ, ಎರಡೂ ಸ್ಟೋರ್‌ಗಳಲ್ಲಿ ಇದೇ ನಿಯಮ. ಡೌನ್‌ಲೋಡ್, ಅಪ್‌ಡೇಟ್, ವೈರಸ್ ತಪಾಸಣೆ ಎಲ್ಲ ಆ ದೋಸೆ, ಕ್ಯಾಬ್ ಆಪ್‌ಗಳಿಗೂ ಸಿಗುತ್ತದೆ. ಹಾಗಾದರೆ ಆ ಖರ್ಚೆಲ್ಲ ಕಾಗುಣಿತದ ತಲೆಗೇ ಯಾಕೆ?

ಹೋದ ತಿಂಗಳು ಬೆಲೆ 119 ಮಾಡಿದೆ. ಕಮಿಷನ್ ಕಳೆದು 101 ರೂಪಾಯಿ ಚಿಲ್ಲರೆ ಬರುತ್ತಿದೆ.